ಐವತ್ತು ನಿಮಿಷದ ಶಾಕ್ ಅಬ್ಸಾರ್ಬರ್

ಇಲಾಖಾ ವಾಹನಗಳ ದುರಸ್ತಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಾರಿನ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಲು ಐವತ್ತು ನಿಮಿಷ ಸಾಕೆಂದು ತಮ್ಮ ಕಚೇರಿ ನಮ್ಮ ಗ್ಯಾರೇಜಿನ ಗೋಡೆಗೆ ಪಟ್ಟಿ ಅಂಟಿಸಿದೆ. ಆ ಪಟ್ಟಿಗೆ ಹೆದರಿ ಕೆಲಸ ಮಾಡಿದ ನನ್ನ ಭಾವನ ಬಲ ಮಣಿಕಟ್ಟು ಮುರಿದಿದೆ. 'ಕಾರ್ಮಿಕನ ಅಜಾಗರೂಕತೆ' ಎಂಬ ವರದಿ ಮೂರೇ ದಿನದಲ್ಲಿ ಸಿದ್ಧವಾಗಿ ತಮ್ಮ ಸಹಿಗೆ ಕಾದಿದೆಯಂತೆ. ಸಹಿ ಬಿದ್ದರೆ ಅವರ ಕೆಲಸ ಹೋಗುತ್ತದೆ. ಗ್ಯಾರೇಜಿನ ಸೂರು ಸೋರುತ್ತಿದೆ ಎಂಬ ನಮ್ಮ ಅರ್ಜಿ ಎರಡು ವರ್ಷದಿಂದ ತಮ್ಮ ಅದೇ ಮೇಜಿನ ಮೇಲಿದೆ. ಇದಕ್ಕೆ ಮಾತ್ರ ಇಷ್ಟು ಅವಸರವೇಕೆಂದು ಅನುಮಾನ ಬಾರದೆ ಇರುತ್ತದೆಯೇ?

ತಾವು ಎಂದಾದರೂ ಕಾರಿನ ಅಡಿಗೆ ಮಲಗಿದ್ದೀರಾ? ಹತ್ತು ವರ್ಷ ಕೆಸರು ಕುಡಿದ ಬೋಲ್ಟು ಸುತ್ತೋಲೆ ಓದಿ ಕಳಚಿಕೊಳ್ಳುವುದಿಲ್ಲ. ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಎಣ್ಣೆ ಬಿಟ್ಟು, ಕಾದು, ಬೋಲ್ಟು ತಿರುಗಿಸುವ ಪಾನಾಕ್ಕೆ ಪೈಪು ಸಿಕ್ಕಿಸಿ ಇಬ್ಬರು ಜಗ್ಗಬೇಕು. ಆಮೇಲೆ ಸ್ಪ್ರಿಂಗು. ಎರಡು ಬದಿಗೆ ಎರಡು ಕ್ಲಾಂಪು ಹಾಕಿ, ಒಮ್ಮೆ ಇದನ್ನು ಒಮ್ಮೆ ಅದನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಅದುಮಬೇಕು. ಕೊನೆಗೆ ಗಾಡಿಯನ್ನು ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಕೂತ ನಂತರವೇ ಚಕ್ರ ಹಿಡಿದಿರುವ ಕೆಳಗಿನ ತೋಳಿನ ಬೋಲ್ಟನ್ನು ಪೂರ್ತಿ ಬಿಗಿಯಬೇಕು. ನೇತಾಡುವಾಗ ಬಿಗಿದರೆ ಒಳಗಿನ ರಬ್ಬರು ಬೇಗ ಹರಿಯುತ್ತದೆ. ಪಟ್ಟಿಯಲ್ಲಿ ಇದಕ್ಕೆ ಒಂದು ನಿಮಿಷವೂ ಇಲ್ಲ. ದಡದಲ್ಲಿ ಕೂತು ಈಜು ಕಲಿಸುವವರು ಬರೆದ ಪಟ್ಟಿಯಿದು.

ಅಂದು ಬಂದದ್ದು ತುಕ್ಕು ಹಿಡಿದ ಹಳೆಯ ಕಾರು. ಬಲಬದಿಯ ಒಂದೇ ಬೋಲ್ಟು ನಲವತ್ತು ನಿಮಿಷ ತಿಂದಿತು. ಮೇಲ್ವಿಚಾರಕರು ಬಾಗಿಲಲ್ಲಿ ನಿಂತು, "ಇನ್ನೂ ಎಷ್ಟೊತ್ತು? ನಿಮ್ಮ ಹೆಸರು ಮೇಲಕ್ಕೆ ಕಳಿಸ್ಬೇಕಾಗುತ್ತೆ ನೋಡಿ" ಎಂದರು. ಭಾವ ಒಂದೇ ಕ್ಲಾಂಪು ಹಾಕಿದರು. ಸ್ಪ್ರಿಂಗು ಜಾರಿ ಕೈಗೆ ಬಡಿಯಿತು. ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕ ಕೇಳಿದಳು, "ಇಪ್ಪತ್ತು ವರ್ಷದಲ್ಲಿ ಒಂದು ಉಗುರೂ ಜಜ್ಜಿಕೊಂಡವರಲ್ಲ ನಿನ್ನ ಭಾವ. ಈಗ ಅಜಾಗರೂಕರಾಗ್ಬಿಟ್ರಾ?" ನಾನು ಔಷಧಿ ಚೀಟಿ ಹಿಡಿದು ಅಂಗಡಿಗೆ ಎದ್ದು ಹೋದೆ.

ಆ ಐವತ್ತು ನಿಮಿಷ ಎಲ್ಲಿಂದ ಬಂತು ಗೊತ್ತೇ? ತಮ್ಮ ಕಚೇರಿಯವರೊಬ್ಬರು ಗಡಿಯಾರ ಹಿಡಿದು ನಮ್ಮಲ್ಲಿಗೇ ಬಂದಿದ್ದರು. ಬರುವ ದಿನವನ್ನು ಒಂದು ವಾರ ಮೊದಲೇ ತಿಳಿಸಿದ್ದರು. ಏಕೆ? ಹೇಳದೆ ಬಂದರೆ ನಿಜ ಕಂಡುಬಿಡುತ್ತದೆಂದೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನೂ ಹೌದು. ಹೊರಗಿನವರ ಮುಂದೆ ಗ್ಯಾರೇಜಿನ ಮಾನ ಹೋಗಬಾರದೆಂದು ಹಿಂದಿನ ಸಂಜೆಯೇ ಅಳತೆಗೆ ಇಟ್ಟ ಕಾರಿನ ಎಲ್ಲ ಬೋಲ್ಟು ಬಿಚ್ಚಿ, ಎಣ್ಣೆ ಸವರಿ, ಬೆರಳಲ್ಲೇ ತಿರುಗುವಷ್ಟು ಸಡಿಲ ಮಾಡಿಟ್ಟಿದ್ದೆ. "ಬೇಡ ಕಣೋ, ನಾಳೆ ಇದು ನಮ್ಮ ಕುತ್ತಿಗೆಗೇ ಬರುತ್ತೆ" ಎಂದಿದ್ದರು ಭಾವ. ನಾನು ನಕ್ಕಿದ್ದೆ. ಮರುದಿನ ಬೋಲ್ಟಿನಿಂದ ತೊಟ್ಟಿಕ್ಕಿದ ಎಣ್ಣೆ ತಮ್ಮವರ ಬೂಟಿಗೆ ಬಿತ್ತು. ಒರೆಸಿಕೊಂಡರು, ನನ್ನ ಮುಖ ನೋಡಿದರು, ಏನೂ ಕೇಳದೆ ಐವತ್ತು ಎಂದು ಬರೆದುಕೊಂಡರು. ಅವರಿಗೆ ತಿಳಿದಿತ್ತು. ತಮಗೂ ತಿಳಿದಿತ್ತೇ?

ಆ ಹಳೆಯ ಕಾರು ಇನ್ನೂ ಲಿಫ್ಟಿನ ಮೇಲಿದೆ. ಎಡಬದಿಯನ್ನು ಯಾರೂ ಮುಟ್ಟಿಲ್ಲ. ಹೇಳದೆ ಕೇಳದೆ ಬನ್ನಿ, ಗಡಿಯಾರವನ್ನು ತಾವೇ ಹಿಡಿಯಿರಿ. ಅಲ್ಲಿಯವರೆಗೆ ವರದಿಗೆ ಸಹಿ ಹಾಕಬೇಡಿ. ಆಮೇಲೂ ಒಬ್ಬ ತಪ್ಪಿತಸ್ಥ ಬೇಕೇ ಬೇಕೆಂದರೆ ಭಾವನ ಹೆಸರು ಹೊಡೆದು ನನ್ನದನ್ನು ಬರೆಯಿರಿ. ಅಂದು ಬೋಲ್ಟು ಸಡಿಲಿಸಿಟ್ಟವನು ನಾನೇ ಎಂದು ಅಕ್ಕನಿಗೆ ಇನ್ನೂ ಹೇಳಿಲ್ಲ. ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕೊಟ್ಟಿದ್ದೇನೆ; ನಾಳೆ ಅದರಲ್ಲಿ ಓದುತ್ತಾಳೆ.

ಇಂತಿ,
ಐವತ್ತು ನಿಮಿಷಕ್ಕೆ ಭೇಷ್ ಎನಿಸಿಕೊಂಡ ಮೆಕ್ಯಾನಿಕ್