ಅತ್ತೆ ಹತ್ತಿದ ಬುರುಜು

ನವೆಂಬರ್ ೧೪, ಶನಿವಾರ

ಲಾಡ್ಜಿನ ಮಂಚದಲ್ಲಿ ಎಷ್ಟು ಹೊರಳಿದರೂ ಕಣ್ಣು ಮುಚ್ಚುತ್ತಿಲ್ಲ. ಈ ಹಳೆಯ ಊರು ನೋಡಲು ಸಿಕ್ಕಿದ್ದು ಒಂದೇ ದಿನ. ಅದರಲ್ಲಿ ಅರ್ಧ ಅತ್ತೆಯನ್ನು ಹುಡುಕುವುದರಲ್ಲೇ ಹೋಯಿತು.

ಅವರಿಗೆ ಮಂಡಿನೋವೆಂದು ಕೋಟೆಬಾಗಿಲಲ್ಲಿ ಚೀಲಗಳ ಜೊತೆ ಕೂರಿಸಿ ನಾವು ಗಂಡ ಹೆಂಡತಿ ಅರಮನೆಗೆ ಹೋಗಿದ್ದೆವು. ಬಂದು ನೋಡಿದರೆ ಚೀಲಗಳು ಟಿಕೆಟಿನವನ ಬಳಿ, ಅತ್ತೆ ಇಲ್ಲ. "ನಿನಗಾದ್ರೂ ಬುದ್ಧಿ ಬೇಡ್ವಾ?" ಎಂದು ಇವರು ನನ್ನ ಮೇಲೆ ಹರಿಹಾಯ್ದರು. ಬಿಟ್ಟು ಹೋಗೋಣ ಎಂದವರು ಇವರೇ. ಬೀದಿ ಬೀದಿ ಸುತ್ತಿ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಸಿಕ್ಕಿದ್ದು ಬುರುಜಿನ ಮೇಲೆ, ಚಪ್ಪಲಿ ಬಿಚ್ಚಿಟ್ಟು, ಗಾಳಿಗೆ ಮುಖವೊಡ್ಡಿ ನಿಂತಿದ್ದರು.

"ಯಾವ ಊರಿಗೆ ಹೋದ್ರೂ ಚೀಲ ಕಾಯೋಕೇ ಕೂರಿಸ್ತೀರಿ," ಎಂದರು, ಸಮಾಧಾನವಾಗಿಯೇ. "ಒಂದ್ಸಲ ನಾನೂ ನೋಡ್ಬೇಕು ಅನ್ನಿಸ್ತು."

ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೊಟ್ಟೆಕಿಚ್ಚು. ಅರಮನೆಯಲ್ಲಿ ನಾನು ನೋಡಿದ್ದಾದರೂ ಏನು? ಇವರು ನಡೆದತ್ತ ನಡೆದೆ, ನಿಂತಲ್ಲಿ ನಿಂತೆ. ಒಂದು ಕಂಬವೂ ನೆನಪಿಲ್ಲ.

ಪಕ್ಕದ ಮಂಚದಲ್ಲಿ ಅತ್ತೆಗೂ ಎಚ್ಚರವಿತ್ತು. "ಅಲ್ಲಿಂದ ಏನು ಕಾಣ್ತಿತ್ತು ಅತ್ತೆ?" ಎಂದು ಈಗಷ್ಟೇ ಮೆಲ್ಲಗೆ ಕೇಳಿದೆ.

"ಹೇಳಿದ್ರೆ ಏನು ಬಂತು? ಬಸ್ಸಿರೋದು ಹತ್ತು ಗಂಟೆಗಲ್ವಾ. ಬೆಳಗಾಗ್ತಾನೇ ನಾವಿಬ್ರೂ ಹೋಗ್ಬರೋಣ. ಅವನನ್ನ ಎಬ್ಬಿಸ್ಬೇಡ."

ಬೆಳಗಾಗಲು ಇನ್ನೂ ಎಷ್ಟು ಹೊತ್ತಿದೆಯೋ.