ತೊಳೆದ ಪಾದವನ್ನೇ ತೊಳೆಸಿಕೊಂಡದ್ದು

ಏಪ್ರಿಲ್ 9, ಬುಧವಾರ

ಅಲ್ಲ, ಯಾರಿಗೂ ಹೇಳಬಾರದ ವಿಷಯವಾದರೆ ನನಗೆ ಯಾಕೆ ಹೇಳಬೇಕಿತ್ತು? ಗ್ಲ್ಯಾನ್ಸನಣ್ಣನೇ ಫೋನ್ ಮಾಡಿದ್ದು. ನಮ್ಮ ಇಗರ್ಜಿಯ ಕಾಯರ್ ಹಾಡುಗಾರ, ಯೂಟ್ಯೂಬಿನಲ್ಲಿ ನಲವತ್ತು ಸಾವಿರ ಸಬ್‌ಸ್ಕ್ರೈಬರ್ಸ್. ಅವನ ಫ್ಯಾನ್ ಪೇಜ್ ನಡೆಸುವುದು ನಾನು.

ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಯೇಸು ಶಿಷ್ಯರದ್ದು ತೊಳೆದ ಹಾಗೆ. ವಾರ್ಡಿಗೊಬ್ಬರು. ಅವನ ವಾರ್ಡಿನಿಂದ ಅವನನ್ನೇ ಆರಿಸಿದ್ದರಂತೆ. ಒಪ್ಪಲಿಲ್ಲವಂತೆ.

"ನಾನೆಷ್ಟರವ ಜೋಯ್ಲಿನ್? ಇಗರ್ಜಿ ಗುಡಿಸುವ ಸೆರಾಬಾಯಿ ಕೂತ್ಕೊಳ್ಳಲಿ ಅಂದೆ. ನೀನು ಯಾರಿಗೂ ಹೇಳ್ಬೇಡ, ಆಯ್ತಾ?"

ಎಂಥ ದೀನತೆ! ಸುಮ್ಮನಿರಲು ಆಗಲಿಲ್ಲ, ಪೋಸ್ಟ್ ಹಾಕಿದೆ. ಎರಡು ಸಾವಿರ ಲೈಕ್. ಒಂದು ಅವನದ್ದೇ…

ಏಪ್ರಿಲ್ 11

ನನ್ನ ಜೊತೆ ಪೇಜ್ ನೋಡಿಕೊಳ್ಳುವ ಬೆಳ್ತಂಗಡಿಯ ಪ್ರೀಮಾಗೂ ಫೋನ್ ಮಾಡಿ "ಯಾರಿಗೂ ಹೇಳ್ಬೇಡ" ಅಂದಿದ್ದಾನೆ. ಬಂಟ್ವಾಳದ ಇನ್ನೊಬ್ಬ ಅಡ್ಮಿನ್‌ಗೂ. ಹ್ಞೂಂ.

ಒಪ್ಪದೇ ಇದ್ದದ್ದು ದೀನತೆಗೇನಾ ಅಂತ ಡೌಟ್ ಬಂದು ಹಳೆಯ ವಿಡಿಯೋ ಎಲ್ಲ ತೆಗೆದು ನೋಡಿದೆ. ಕಳೆದ ವರ್ಷದ ಶುಭ ಶುಕ್ರವಾರ ಎಲ್ಲರೂ ಬರಿಗಾಲಲ್ಲಿ ಶಿಲುಬೆಗೆ ಮುತ್ತಿಡಲು ಹೋಗುತ್ತಿದ್ದಾರೆ. ಅವನು ಮಾತ್ರ ಕೀಬೋರ್ಡ್ ಹತ್ತಿರ, ಬೂಟಿನಲ್ಲಿ. ಬೀಚಿನ ರೀಲ್‌ನಲ್ಲೂ ಬೂಟು! ಯಾಕೆ ಅಂತ ಕೇಳಿ ಮೆಸೇಜ್ ಹಾಕಿದೆ. ನೀಲಿ ಟಿಕ್. ಅಷ್ಟೇ.

ಏಪ್ರಿಲ್ 16

ನಮ್ಮ ವಾರ್ಡಿನ ಮುಖ್ಯಸ್ಥ, ಗುರ್ಕಾರ್ ಲ್ಯಾನ್ಸಿ ಅಂಕಲ್ ಬಂದಿದ್ದರು. "ನಾಳೆಗೆ ನೀನೇ ಮಾರಾಯ್ತಿ. ಬೇರೆ ಯಾರೂ ಕಾಲು ಕೊಡ್ಲಿಕ್ಕೆ ತಯಾರಿಲ್ಲ."

ಮೂಡುಬಿದಿರೆಗೆ ಹೋಗಿ ಪಾರ್ಲರಿನಲ್ಲಿ ಪೆಡಿಕ್ಯೂರ್ ಮಾಡಿಸಿಕೊಂಡು ಬಂದೆ. ಮಮ್ಮಿಗೆ ನಗು. "ಫಾದರಿಗೆ ತೊಳೀಲಿಕ್ಕೆ ಎಂಥ ಉಳಿಸಿದ್ದೀ?"

ಏಪ್ರಿಲ್ 17, ಪೂಜೆ ಮುಗಿಸಿ ಬಂದು

ಸೆರಾಬಾಯಿಗೆ ಜ್ವರ. ನನ್ನ ಪಕ್ಕದ ಕುರ್ಚಿ ಖಾಲಿ. ನನ್ನ ಫೋನ್ ಮಮ್ಮಿಯ ಕೈಯಲ್ಲಿ — ವಿಡಿಯೋ ತೆಗೆಯಲು.

ಫಾದರರ ಪ್ರಸಂಗದಲ್ಲಿ ಯೇಸುವಿನ ಶಿಷ್ಯ ಪೇತ್ರನ ವಿಷಯ. "'ನನ್ನ ಪಾದ ನೀವು ತೊಳೆಯುವುದೇ ಬೇಡ' ಅಂದನಲ್ಲ ಅವನು, ಕೇಳ್ಲಿಕ್ಕೆ ದೀನತೆ. ಒಳಗೆ ಇದ್ದದ್ದು ಜಂಬ." ಅಷ್ಟು ಹೇಳಿ ಫಾದರ್ ಕಾಯರ್ ಕಡೆ ತಿರುಗಿದರು. "ಗ್ಲ್ಯಾನ್ಸನ್, ಬಾ ಮಗ. ಇಲ್ಲಿ ಜಾಗ ಉಂಟು."

ತುಂಬ ಹೊತ್ತು ಬರಲಿಲ್ಲ. ಮತ್ತೆ ಬಂದ. ಕೂತ. ಬೂಟು ಬಿಚ್ಚಿದ. ಸಾಕ್ಸ್… ಬಲಗಾಲಿಗೆ ಎರಡು ಬೆರಳಿಲ್ಲ.

"ಹುಲ್ಲು ತೆಗೆಯುವ ಮೆಷಿನ್," ಅಂದ, ಮೆಲ್ಲ. ನನ್ನ ಮುಖ ನೋಡಲಿಲ್ಲ. "ಪತ್ತೇದಾರಿಕೆ ಮುಗೀತಲ್ಲ ನಿನ್ನದು?"

ಫಾದರ್ ತೊಳೆದರು, ಒರೆಸಿದರು, ಆ ಕಾಲಿಗೇ ಮುತ್ತಿಟ್ಟರು. ಅವನು ಅತ್ತ. ಅರ್ಧ ಇಗರ್ಜಿ ಅತ್ತಿತು. ನನಗೆ ಬಂದದ್ದು ಅಳು ಅಲ್ಲ, ಸಿಟ್ಟು. ನನ್ನ ಪಾದ ಒಬ್ಬರೂ ನೋಡಲಿಲ್ಲ.

ಏಪ್ರಿಲ್ 19

ಮಮ್ಮಿ ತೆಗೆದ ವಿಡಿಯೋದಲ್ಲಿ ಅವನ ಕಾಲು ಕ್ಲಿಯರ್. ಹಾಕಿದರೆ ಲಕ್ಷ ವ್ಯೂಸ್ ಗ್ಯಾರಂಟಿ.

ಅವನದ್ದೇ ಮೆಸೇಜ್ ಬಂತು. "ಅದು ಹಾಕ್ಬೇಡ ಜೋಯ್ಲಿನ್. ಪ್ಲೀಸ್."

ನಿಜವಾದ ಬೇಡವಾ ಇದು? ಅಥವಾ ಮೊನ್ನೆಯ 'ಯಾರಿಗೂ ಹೇಳ್ಬೇಡ' ತರಹದ ಬೇಡವಾ? ಕಣ್ಣೀರಿನ ಮೇಲೂ ಡೌಟ್ ಬರುತ್ತದೆ ನನಗೆ. ಆ ಕಾಲಿನ ಮೇಲೆ ಬರಲಿಲ್ಲ. ಮೂವತ್ತು ವರ್ಷ ಆಗುತ್ತಾ ಬಂದವನು ಸಮುದ್ರಕ್ಕೆ ಬೂಟು ಹಾಕಿ ಹೋಗಿದ್ದಾನೆ.

ಡಿಲೀಟ್ ಮಾಡಿದೆ.

ಏಪ್ರಿಲ್ 20, ಈಸ್ಟರ್

ಡಿಲೀಟ್ ಮಾಡಿದೆ ಅಂತ ಪ್ರೀಮಾಗೆ ಹೇಳಿದೆ. ಲ್ಯಾನ್ಸಿ ಅಂಕಲ್‌ಗೂ. ಕೇಕ್ ಕೊಡಲು ಹೋದ ಮನೆಯಲ್ಲೂ.

"ನೀನು ಗ್ರೇಟ್ ಮಾರಾಯ್ತಿ! ಸ್ಟೇಟಸ್ ಹಾಕ್ಲಾ?" ಅಂದಳು ಪ್ರೀಮಾ.

ಬೇಡ ಅಂದೆ. ಆಮೇಲೆ ಮೂರು ಸಲ ಅವಳ ಸ್ಟೇಟಸ್ ತೆರೆದು ನೋಡಿದೆ. ಹಾಕಿಲ್ಲ ದರಿದ್ರದವಳು.

ಒಳ್ಳೆಯದೊಂದು ಮಾಡಿ, ಒಬ್ಬರಿಗೂ ಹೇಳದೆ ಬಾಯಿ ಮುಚ್ಚಿ ಕೂತವರು ಈ ಊರಲ್ಲಿ ಯಾರಾದರೂ ಇದ್ದೀರಾ? ಇದ್ದರೆ — ಎಲ್ಲಿ, ಒಮ್ಮೆ ಕೈ ಎತ್ತಿ ನೋಡುವ?