ಬೇರುಸಮೇತ ಕಿತ್ತ ಝಾತರ್

ಅತ್ತೆ,

ಮನಕೀಶ್ ರೊಟ್ಟಿಯ ಹಿಟ್ಟು ಬಟ್ಟೆಯ ಕೆಳಗಿದೆ, ಉಬ್ಬುವವರೆಗೆ ಮುಟ್ಟಬೇಡಿ. ಝಾತರ್ ಸೊಪ್ಪಿನ ಪುಡಿಗೆ ಹಾಕಿದ ಎಳ್ಳು ಸ್ವಲ್ಪ ಸೀದಿದೆ, ಬೈಯಬೇಡಿ. ಇಲ್ಲ, ಬೈಯಿರಿ. ನಿನ್ನೆ ನೀವು ಏನೂ ಅನ್ನದೆ ಸುಮ್ಮನಿದ್ದಿರಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

"ಕುಡಿ ಮಾತ್ರ ಕತ್ತರಿಸು ರಿಹಾಬ್, ಬೇರು ಅಲುಗಬಾರದು" ಅಂದಿರಿ. "ನಂಗೊತ್ತಿಲ್ವಾ ಅತ್ತೆ" ಅಂದೆ. ಆಮೇಲೆ ಕತ್ತರಿಗಾಗಿ ಒಳಗೆ ಬರಲು ಸೋಮಾರಿತನವಾಗಿ, ನಿಮ್ಮ ತವರಿನ ಬೆಟ್ಟದಿಂದ ತಂದು ನೆಟ್ಟ ಝಾತರ್ ಗಿಡವನ್ನು ಬುಡಸಮೇತ ಎಳೆದುಬಿಟ್ಟೆ.

ಅದನ್ನು ಎಣ್ಣೆಡಬ್ಬಿಯಲ್ಲಿ ನೆಟ್ಟಿದ್ದೇನೆ. ನೀರು ಹಾಕಿ. ಚಿಗುರುತ್ತದೆಂದು ಅನಿಸುವುದಿಲ್ಲ.

ಆ ಬೆಟ್ಟಕ್ಕೇ ಹೊರಟಿದ್ದೇನೆ, ಇನ್ನೊಂದು ಸಸಿ ಸಿಗಬಹುದು. ಹೊರಡಲೆಂದು ಏಪ್ರನ್ ಬಿಚ್ಚಿದರೆ ಜೇಬಿನಲ್ಲಿ ಕತ್ತರಿ ಇತ್ತು. ನಿನ್ನೆ ಬೆಳಿಗ್ಗೆ ಆ ಏಪ್ರನ್ ನನಗೆ ಕಟ್ಟಿದವರು ನೀವೇ.

ರಿಹಾಬ್